ಬೈತಖೋಲದ ಬರ್ಫು

ಹಿಮ ನೋಡದವಳು ನಾನು.
ಕಾರವಾರದಲ್ಲಿ ಹಿಮ ಅಂದರೆ
ಬೈತಖೋಲ ಬಂದರದ ಐಸ್ ಫ್ಯಾಕ್ಟರಿ,
ನಸುಕಿನ ನಾಲ್ಕಕ್ಕೆ ಗರಗರ ಅರೆದು
ನೆಲಕ್ಕೆ ಸುರಿಯುವ ಬಿಳಿ ರಾಶಿ,
ಅದರಲ್ಲಿ ಹೂತ ಬಂಗುಡೆಯ ಕಣ್ಣು.

ಜನವರಿಯಲ್ಲಿ ಹಿಮಾಲಯದ ಕಣಿವೆ ದಾಟುವ ತಂಡಕ್ಕೆ
ಹೆಸರು ಕೊಟ್ಟೆ ಅಂದಾಗ
ಪುರಸೋ ಮಾಮ ಬೈಯಲಿಲ್ಲ.
ಹದಿನೇಳು ವರ್ಷ ಪಲ್ಟನ್ನಿನಲ್ಲಿದ್ದು
ಎರಡು ಕಾಲ್ಬೆರಳು ಅಲ್ಲೇ ಬಿಟ್ಟು ಬಂದವ,
ಈಗ ಐಸಿನ ತೂಕ ಬರೆಯುವವ.
"ನಾಳೆ ನಾಲ್ಕಕ್ಕೆ ಬಾ. ಸಲಿಕೆ ನಾನು ತರ್ತೇನೆ."

ರಾಶಿಯ ಪಕ್ಕೆ ಸೀಳಿದ, ನೆಟ್ಟಗೆ, ಗೋಡೆಯ ಹಾಗೆ.
"ಓದು" ಅಂದ.
ನನಗೆ ಕಂಡದ್ದು ಬಿಳಿ.
ಅವನ ಬೆರಳು ಮೇಲಿಂದ ಇಳಿಯಿತು:
ಇದು ಈಗಿನದು, ಹಗುರ, ಯಾರ ಮಾತೂ ಕೇಳದ್ದು.
ಇದು ನಿನ್ನೆ ಬಿಸಿಲಿಗೆ ಬೆವತು
ರಾತ್ರಿ ಬಿಗಿದ ಹಪ್ಪಳ.
ಅದರಡಿ, ಇಲ್ಲಿ,
ಉಗುರು ತಾನೇ ಒಳಗೆ ಹೋಯಿತು,
ಸಾಣಿಕಟ್ಟೆಯ ಹರಳುಪ್ಪಿನಂತೆ
ಒಂದಕ್ಕೊಂದು ಕೈಹಿಡಿಯದ ಕಾಳು.
"ಕೊಲ್ಲುವುದು ಮೇಲಿನದಲ್ಲ ಗೋ, ಇದು.
ಅಲ್ಲಿ, ಮೊದಲ ಚಳಿಗೇ ಬಿದ್ದು
ಎಲ್ಲರೂ ಮರೆತದ್ದು."

ಒಂದು ಕಂಬ ಕಡಿದು ಬಿಡಿಸಿ
ತಲೆಯ ಮೇಲೆ ಸಲಿಕೆಯಿಟ್ಟ.
ಮಣಿಕಟ್ಟಿನಿಂದ ಹತ್ತು ಏಟು.
ಮೊಳಕೈಯಿಂದ ಹನ್ನೊಂದು, ಹನ್ನೆರಡು,
ಹದಿಮೂರಕ್ಕೆ ಕಂಬ ಜಾರಿತು,
ಮೇಜಿನ ಖಾನೆ ಎಳೆದಷ್ಟು ನಯವಾಗಿ.
ಭುಜದ ಸರದಿ ಬರಲೇ ಇಲ್ಲ.
ಬುಟ್ಟಿ ಹಿಡಿದು ಕಾದಿದ್ದ ಸಾವಂತ್ರಿ ಬಾಯಿ
"ಮಿಲಿಟ್ರಿಗೆ ಹುಚ್ಚು ಹಿಡೀತು" ಅಂದಳು.

ಬರೆದುಕೊಂಡೆ. ಮೂವತ್ತು ಡಿಗ್ರಿ ದಾಟಿದ ಇಳಿಜಾರನ್ನು ನಂಬಬೇಡ.
ಗಾಳಿ ಯಾವ ಮಗ್ಗುಲಿಗೆ ಹಿಮ ಹೊತ್ತು ಹಾಕಿದೆ, ನೋಡು.
ಕಾಲಡಿ ಬೆಟ್ಟ ಹುಂಫ್ ಎಂದು ಉಸಿರು ಬಿಟ್ಟರೆ
ಬಂದ ಹೆಜ್ಜೆಯಲ್ಲೇ ವಾಪಸು.
ದಾಟುವಾಗ ಒಬ್ಬೊಬ್ಬರೇ;
ಉಳಿದವರ ಕೆಲಸ ರೆಪ್ಪೆ ಹೊಡೆಯದಿರುವುದು.
ಪುಸ್ತಕ ಒದ್ದೆಯಾಗಿ ಶಾಯಿ ಹರಿಯಿತು.

"ಬೆರಳು ಹೋದದ್ದು ಹಿಮ ಕುಸಿದಾಗಲಾ?"
"ಥೋ, ಬೂಟು ಬಿಗಿಯಾಗಿ."

ಆಮೇಲೆ, ಚಹದ ಗ್ಲಾಸನ್ನು
ಎರಡೂ ಅಂಗೈಯಲ್ಲಿ ಹಿಡಿದು ಹೇಳಿದ:
ಅಲ್ಲೂ ಒಮ್ಮೆ ಹದಿಮೂರಕ್ಕೇ ಜಾರಿತ್ತು.
ಒಂಬತ್ತು ಜನರನ್ನು ತಿರುಗಿಸಿದೆ.
ಆಚೆ ಪೋಸ್ಟಿನಲ್ಲಿ ಕುಡಾಳದ ಹುಡುಗ, ಎದೆಗೆ ನೀರು ತುಂಬಿ ಮಲಗಿದ್ದ,
ಔಷಧ ನಮ್ಮ ಚೀಲದಲ್ಲಿ.
ಸುತ್ತು ದಾರಿಗೆ ಎರಡು ದಿನ ಹಿಡಿಯಿತು.

"ಇಳಿಜಾರು ಬಿತ್ತಾ?"
"ಇಲ್ಲ. ಏಪ್ರಿಲಿನ ತನಕ ಹಾಗೇ ನಿಂತು
ನೀರಾಗಿ ಹೋಯ್ತು."

"ಹುಡುಗ?"
ಮಾಮ ಗ್ಲಾಸು ತೊಳೆಯಲು ಎದ್ದ.
ನಲ್ಲಿ ಬಹಳ ಹೊತ್ತು ಹರಿಯಿತು.

ಬೀಳದ ಹಿಮಕ್ಕೆ ಸಾಕ್ಷಿ ಎಲ್ಲಿಂದ ತರುವುದು?
ಬಿದ್ದಿದ್ದರೆ ಒಂಬತ್ತು ಮನೆಯವರು
ಅವನ ಹೆಸರಲ್ಲಿ ದೀಪ ಹಚ್ಚುತ್ತಿದ್ದರೋ ಏನೋ.
ಈಗ ಇವನೊಬ್ಬನೇ ಎಣಿಸುತ್ತಾನೆ,
ಮೇಜು, ಸ್ಕೂಟರಿನ ಸೀಟು, ಊಟದ ತಟ್ಟೆಯ ಅಂಚು,
ಎಲ್ಲಿ ಕೈಯಿಟ್ಟರೂ ಬೆರಳು
ಹನ್ನೆರಡರವರೆಗೆ ಹೋಗಿ ನಿಲ್ಲುತ್ತದೆ.
ಇಷ್ಟು ವರ್ಷ ಅದನ್ನು ನಾನು ತಾಳ ಅಂದುಕೊಂಡಿದ್ದೆ.

"ಹೋಗು," ಅಂದ ಕೈ ಒರೆಸುತ್ತ.
"ಸಲಿಕೆ ಮಾತ್ರ ಅಗ್ಗದ್ದು ಕೊಳ್ಳಬೇಡ."

ಏಳೂವರೆಗೆ ಬಿಸಿಲು ಬಂತು.
ನಾವು ಸೀಳಿದ ಗೋಡೆ ಸದ್ದಿಲ್ಲದೆ ಕುಸಿಯಿತು.
ಸಾವಂತ್ರಿ ಬಾಯಿ ಅದನ್ನೇ ಬುಟ್ಟಿಗೆ ಬಾಚಿ
ಮೇಲೊಂದು ಇಸವಣ ಮಲಗಿಸಿ
ಪೇಟೆಗೆ ಹೊರಟಳು.