ಅಂಗೈಯಗಲ ನೆಲ

ಆಸ್ತೂರಿಯಾಸ್ ಗುಡ್ಡದಲ್ಲಿ ಬೆಳಗಿನ ಏಳಕ್ಕೆ
ಡಾಂಬರು ಇನ್ನೂ ನಿದ್ದೆ ಬಿಟ್ಟಿರುವುದಿಲ್ಲ.
ಕೈಗವಸು ಕಳಚಿ ಅಂಗೈ ಊರಿದೆ:
ಕಲ್ಲುಬೆಂಚಿನ ತಂಪು, ಮೇಲೊಂದು ತೆಳು ಬೆವರು,
ಚೆಸ್ಟ್‌ನಟ್ ಎಲೆ ಕೊಳೆತ ವಾಸನೆ.
ಹನ್ನೊಂದು ಡಿಗ್ರಿ, ಅಂದೆ.
ಮೀಟರು ಹನ್ನೆರಡು ಅಂದಿತು. ಇರಲಿ.

ಟೆಲ್ಮೊ ಬಂದ, ಉಗುರಲ್ಲಿ ಇನ್ನೂ ಬ್ರೆಡ್ಡಿನ ಹಿಟ್ಟು.
ಊರಿಗೆಲ್ಲ ರೊಟ್ಟಿ ಮಾರಿದ ದುಡ್ಡಲ್ಲಿ
ಚಳಿಗಾಲವಿಡೀ ಇಂಜಿನ್ನಿಗೆ ಕುದುರೆ ಕಟ್ಟಿದ್ದ;
ಮುನ್ನೂರೆಂಬತ್ತು ಇದ್ದದ್ದು ಈಗ ಆರುನೂರಿಪ್ಪತ್ತು.
"ಓಲಾಯಾ, ಇರುವುದರಲ್ಲೇ ಅಗಲದ್ದು ಹಾಕು,
ಗಟ್ಟಿ ರಬ್ಬರಿನದು, ಸವೆಯಬಾರದು."

ಕುದುರೆ ಕಂಡರೆ ಕಾಲುನೋವು
ಅನ್ನುವುದು ಟೈರೇ ಕಟ್ಟಿದ ಗಾದೆ ಇರಬೇಕು.
ಲೆಕ್ಕ ಹೇಳಿದೆ: ನಿನ್ನ ಅಷ್ಟೂ ಕುದುರೆ ನಿಂತಿರುವುದು
ಹಿಂದಿನೆರಡು ಚಕ್ರದಡಿಯ ಎರಡು ಅಂಗೈ ಮೇಲೆ.
ಮುಂದಿನವೆರಡು ಬರೀ ದಾರಿ ಕೇಳಲಿಕ್ಕೆ.
ಅಗಲ ಹೆಚ್ಚಿದರೆ ಒಲೆ ದೊಡ್ಡದಾದಂತೆ,
ನಿನಗೆ ಗೊತ್ತಲ್ಲ, ಕಾಯದೆ ಕಾಯದು;
ಗುಡ್ಡವೋ ಮೂರೂವರೆ ನಿಮಿಷಕ್ಕೆ ಮುಗಿಯುತ್ತದೆ.

ನಕ್ಕ. ದುಡ್ಡು ಕೊಡುವವನ ನಗು.
ಹಾಕಿಕೊಟ್ಟೆ.

ಹಸಿರು ದೀಪ.
ಕಾರು ಮುಂದಕ್ಕೆ ಹೋಗಲಿಲ್ಲ, ಪಕ್ಕಕ್ಕೆ ಹೋಯಿತು.
ಚಕ್ರ ತಿರುಗಿದ್ದು ನಿಜ, ನೆಲವೂ ಒಪ್ಪಬೇಕಲ್ಲ.
ನೀಲಿ ಹೊಗೆ. ಮೂರನೇ ತಿರುವಲ್ಲಿ
ಬಾಲ ಮೊದಲು, ತಲೆ ಆಮೇಲೆ.
ಬೇಲಿಯಾಚೆಯ ಹಸು ಮೇಯುವುದು ಬಿಟ್ಟು ನೋಡಿತು.

ಮರಳಿದವನಿಗೆ ನಾನೇನೂ ಅನ್ನಲಿಲ್ಲ.
ರಬ್ಬರಿಗೆ ಸೂಜಿ ಚುಚ್ಚಿ ತೋರಿಸಿದೆ:
ಒಳ ಅಂಚು ಐವತ್ತು, ನಡು ಮೂವತ್ತು,
ಹೊರ ಅಂಚು ಇಪ್ಪತ್ತೆರಡು.
"ಒಂದು ಕಡೆ ಕರಿಕಲು, ಒಂದು ಕಡೆ ಹಸಿ ಹಿಟ್ಟು,"
ಅಂದವನು ಅವನೇ.
ಅಲ್ಲಿಂದ ಮುಂದೆ ವಾದವಿರಲಿಲ್ಲ.

ಜ್ಯಾಕ್ ಏರಿಸಿದೆವು. ಹಿಂಚಕ್ರಗಳ ಓರೆ ತಿದ್ದಿದೆ,
ಒಳಮಗ್ಗುಲಲ್ಲಿ ಕುಂಟುತ್ತಿದ್ದವು, ಪೂರ್ತಿ ಪಾದ ಊರಲಿ.
ಹಿಂದಿನ ಅಡ್ಡಕಂಬಿಯ ಒಂದು ತುದಿ ಬಿಚ್ಚಿ ನೇತುಬಿಟ್ಟೆ;
ಒಂದು ಚಕ್ರ ಎದ್ದರೆ ಇನ್ನೊಂದನ್ನೂ ಎಬ್ಬಿಸುವ ಕಂಬಿ ಅದು,
ತಾನೆದ್ದರೆ ಮನೆಯನ್ನೆಲ್ಲ ಎಬ್ಬಿಸುವ ನನ್ನತ್ತೆಯ ಹಾಗೆ.
ಸ್ಪ್ರಿಂಗು ಮೆತ್ತಗಿರಲಿ, ಹೊರಡುವಾಗ ಬೆನ್ನು ತಗ್ಗಲಿ.
ಗಾಳಿ ಒಂದೂವರೆ ಬಾರ್, ಸಾಕು, ಬಿಸಿಗೆ ತಾನೇ ಉಬ್ಬುತ್ತದೆ.
ಟೈರು ಎರಡು ಬೆರಳು ಕಿರಿದು, ಆದರೆ ಮೆದು,
ಉಗುರೊತ್ತಿದರೆ ಗುರುತು ಉಳಿಯುವಷ್ಟು.
ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿದೆ,
ಹುಟ್ಟಿದ ವಾರ, ಹುಟ್ಟಿದ ವರ್ಷ.
ಕೆಲವು ಇರುತ್ತವೆ, ಶೆಡ್ಡಿನಲ್ಲೇ ಮುದಿಯಾದವು,
ನೋಡಲು ಹೊಚ್ಚ ಹೊಸತು,
ಒಳಗೆ ಯಾರ ಮಾತೂ ನಾಟುವುದಿಲ್ಲ.

ಅಪ್ಪ ಗಣಿ ಲಾರಿಗಳಿಗೆ ಟೈರು ಹಾಕುತ್ತಿದ್ದವನು.
ಹಿಮದ ಏರಿನಲ್ಲಿ ಜಾರುವುದು
ಕಲ್ಲಿದ್ದಲು ಹೊತ್ತದ್ದಲ್ಲ ಮಗಳೇ, ಖಾಲಿಯದು,
ಅನ್ನುತ್ತಿದ್ದ.
ಗಣಿ ಮುಚ್ಚಿದ ಮೇಲೆ
ಅವನೂ ನಡೆಯುವಾಗ ಗೋಡೆ ಹಿಡಿಯತೊಡಗಿದ.

ನಾಲ್ಕು ಗಂಟೆಗೆ ಮತ್ತೆ ಹಸಿರು.
ಹೊಗೆ ಇಲ್ಲ. ಕೂಗಾಟ ಇಲ್ಲ.
ಕಾರು ಹಿಂದಕ್ಕೆ ಕುಕ್ಕರಿಸಿ, ತಡೆದು,
ಹೊರಟೇ ಹೋಯಿತು.
ನೋಡಲು ಬಂದವರಿಗೆ ತುಸು ನಿರಾಸೆ.
ಮೂರನೇ ತಿರುವಲ್ಲಿ ಹಸು ತಲೆ ಎತ್ತಲಿಲ್ಲ.

ಏಳನೆಯವನಾಗಿ ಬಂದ. ಸಂಜೆ ಸೈಡರ್ ತಂದ.
ತಲೆಯ ಮೇಲೆತ್ತಿದ ಬಾಟಲಿಯಿಂದ
ಸೊಂಟದ ಬಳಿಯ ಗ್ಲಾಸಿನಂಚಿಗೆ ಸುರಿಯುವುದು ನಮ್ಮ ಪದ್ಧತಿ;
ಗ್ಲಾಸಿಗಿಂತ ಬೂಟಿಗೇ ಹೆಚ್ಚು ಬಿತ್ತು.
"ಆರುನೂರಿಪ್ಪತ್ತರಲ್ಲಿ," ಬಗ್ಗಿ ಕೇಳಿದ,
"ನೆಲಕ್ಕೆ ಇಳಿದದ್ದು ಎಷ್ಟು?"

ನಾನು ಟೈರಿಗೆ ಅಂಟಿದ ಜಲ್ಲಿ ಕೀಳುತ್ತಿದ್ದೆ.
ಒಂದು ಚೂರು ಅವನ ಅಂಗೈಯಲ್ಲಿಟ್ಟೆ.
ಇನ್ನೂ ಬಿಸಿಯಿತ್ತು.
ಮುಷ್ಟಿ ಮುಚ್ಚಿದ.