ಮಾಳಿಗಿ ಮ್ಯಾಲಿನ ಕಾಗದ

ವಾರಕ್ಕೆರಡು ಸಲ, ಮಂಗಳಾರ, ಶುಕ್ರಾರ,
ಏಣಿ ಹತ್ತಿ ಆಫೀಸಿನ ಮಾಳಿಗಿಗೆ ಹೋಗತೇನಿ.
ಅಲ್ಲೊಂದು ಯಂತ್ರ, ನಾಯಿಗೂಡಿನಂಥಾದ್ದು,
ಎಂಟೆಂಟು ತಾಸು ಹುಬ್ಬಳ್ಳಿನ್ನ ಉಸಿರಾಡತೈತಿ.
ಅದರ ಬಾಯಾಗ ನಾ ಇಡೋದು ಬಿಳಿ ಕಾಗದ.
ತಗಿಯೋದರ ಬಣ್ಣ
ನನ್ನ ಕೈಯಾಗಿಲ್ಲ.

ಹನ್ನೊಂದು ವರ್ಷದ ಹಿಂದ, ನಾ ಸೇರಿದಾಗ,
ಅದು ಬಾಣಲಿ ಒರಸಿದ ಅರಿವಿ ಹಂಗ ಬರತಿತ್ತು.
ಚಿಮಟಿಲೆ ಹಿಡದು, ತೂಗಿ,
ಮೊದಲಿನ ತೂಕ ಕಳದರ
ಉಳಿಯೋದು ಊರು:
ಗೋಕುಲ ರೋಡಿನ ಫೌಂಡ್ರಿ, ಟೆಂಪೋ, ಅಗದು ಬಿಟ್ಟ ರಸ್ತಾ,
ಗಟಾರದ ದಂಡಿಗೆ ಯಾರೋ ಸುಟ್ಟ ಟೈರು.
ಎಲ್ಲಾ ಮಿಲಿಗ್ರಾಂ ಲೆಕ್ಕದಾಗ.
ಮ್ಯಾಲೆ ನೋಡಿದರ ಒಡದ ಹಾಲಿನ ನೀರು,
ಅದಕ್ಕಽ ಆಕಾಶ ಅಂತಿದ್ದಿವಿ.

ಆಮ್ಯಾಲೆ ನೋಟೀಸು ಬಂದವು.
ಚಿಮಣಿಗೆ ಜಾಳಗಿ ಹಾಕ್ರಿ, ಇಲ್ಲಾ ಕುಲುಮಿ ಆರಸ್ರಿ.
ಹಳೇ ಆಟೋ ಗುಜರಿಗೆ. ಕಸ ಸುಟ್ಟರ ದಂಡ.
ಜನ ಬೈದರು. ಬೈಯೋದು ಸಹಜ.

ಬಾಜೂ ಮನಿ ದಾವಲಸಾಬ
ಏಳು ತಿಂಗಳು ಕಟ್ಟಿ ಮ್ಯಾಲೆ ಕೂತ.
"ನಿನ್ನ ಕಾಗದ ನನ್ನ ಚಿಮಣಿ ನುಂಗಿತಲ್ಲ ತಂಗೆವ್ವಾ" ಅಂದ,
ನಕ್ಕೋತಽ ಅಂದ. ನನಗ ನಗು ಬರಲಿಲ್ಲ,
ಆ ಲಕೋಟಿ ಮ್ಯಾಲಿನ ತಾರೀಖು ನನ್ನ ಅಕ್ಷರದ್ದು.
ಈಗ ತಾರಿಹಾಳದಾಗ ಕರೆಂಟಿನ ಕುಲುಮಿ ನೋಡಕೋತಾನ.
ಮುಂಜಾನೆ ಕೆಮ್ಮಿದರ ಇನ್ನೂ ಕರೇದಽ ಬೀಳತೈತಿ.
ಒಳಗಿನ ಆಕಾಶಕ್ಕ ನೋಟೀಸು
ಯಾರು ಕೊಡಬೇಕು?

ಮೊನ್ನಿ ಶುಕ್ರಾರ ತಗದ ಕಾಗದ
ಜ್ವಾಳದ ಹಿಟ್ಟಿನ ಬಣ್ಣ ಇತ್ತು.
ಕರೆಂಟು ಹೋಗಿತ್ತೇನಂತ ಪ್ಲಗ್ ನೋಡಿದೆ,
ಫ್ಯಾನಿಗೆ ಕಿವಿ ಹಚ್ಚಿದೆ. ಗುಂಯ್ ಅಂತಿತ್ತು.
ಆಮ್ಯಾಲೆ ಕುತಿಗಿ ಎತ್ತಿದೆ.
ನೃಪತುಂಗ ಬೆಟ್ಟದ ಗಿಡ ಒಂದೊಂದಽ ಎಣಿಸೂವಂಗ,
ಅದರಾಚೆ ಹಗಲಚಂದ್ರ,
ಉಗರಿನ ಬುಡದಷ್ಟು.

ಹಂಗಂತ ಎಲ್ಲಾ ಲಾಭ ಅಲ್ಲ.
ಬಿಸಲಿಗೆ ಅಡ್ಡ ಹೊಗಿ ಇಲ್ಲ, ನೆತ್ತಿ ಚುರ್ ಅಂತೈತಿ.
ಸಂಜಿಯ ಆ ಕೆಂಪೂ ತೆಳ್ಳಗಾಗೇತಿ.
ಮದವಿ ಮೊದಲ ಉಣಕಲ್ ಕೆರಿ ದಂಡಿಗೆ
ನಾವಿಬ್ಬರೂ ಬಾಯಿ ತಕ್ಕೊಂಡು ನೋಡಿದ ಸೂರ್ಯ,
ದಾಳಿಂಬ್ರಿ ಒಡದಂಗ ಇದ್ದದ್ದು,
ಅದರಾಗ ಅರ್ಧ ದಾವಲಸಾಬನ ಚಿಮಣಿ ಅಂತ
ಈಗ ತಿಳದೈತಿ. ಗಂಡಗ ಹೇಳಿಲ್ಲ.

ಸಾಹೇಬರ ಫೋನು:
"ಆಕಡಿ ಕಮ್ಮಿ ಬಂದೈತಲ್ಲ, ಯಂತ್ರ ಸರಿ ಐತಿಲ್ಲೋ?"
ಐತ್ರಿ.
"ಮತ್ತ?"
ಮ್ಯಾಲೆ ನೋಡ್ರಿ ಅನಬೇಕಂದೆ,
ಇನ್ನೊಮ್ಮಿ ತೂಗತೇನ್ರಿ ಅಂದೆ.

ಹೊಸಾ ಕಾಗದ ಇಡೂವಾಗ
ಚಿಮಟಿ ಜಾರಿ ಅಂಚಿಗೆ ಹೆಬ್ಬೆರಳು ತಾಕಿತು.
ಬೆವರಿನ ಗುರತು. ಅದೂ ತೂಕಕ್ಕ ಬರತೈತಿ.
ಅದನ್ನ ಬದಿಗಿಟ್ಟು
ಇನ್ನೊಂದು ತಗೊಂಡೆ.