ಹೆಪ್ಪಲನ ಬೂಟು

ಕ್ರಿಸ್‌ಮಸ್ಸಿನ ಮರುದಿನ
ನಾರ್ತಂಬರ್ಲ್ಯಾಂಡಿನ ಈ ಊರೆಲ್ಲ
ಉಳಿದ ಟರ್ಕಿಯನ್ನು ಬ್ರೆಡ್ಡಿಗಿಟ್ಟು ತಿನ್ನುವಾಗ
ವಿಲ್ಫ್ ಹೆಪ್ಪಲ್ ಕಿಟಕಿಯ ಕಟ್ಟೆಯ ಮೇಲೆ
ಈರುಳ್ಳಿ ಬೀಜ ಬಿತ್ತುತ್ತಾನೆ.
ಟ್ರೇಗೆ ನಲವತ್ತು, ಎಣಿಸಿ.
ಕರಿ ಕರಿ, ಮೂಲೆ ಮುರಿದ ಬೀಜ.
ಗಣಿಯಲ್ಲಿ ಮೂವತ್ತು ವರ್ಷ ಉಗುರೊಳಗೆ ಸಿಕ್ಕಿದ್ದು
ಈಗ ಉದುರುತ್ತಿದೆ ಅನ್ನಬೇಕು.

ಜನವರಿ ಮುಗಿಯುವ ಮೊದಲು ಏಳುತ್ತವೆ,
ಸೊಂಟ ಮಡಿಚಿ, ಹೇರ್‌ಪಿನ್ನಿನ ಹಾಗೆ,
ತಲೆ ಇನ್ನೂ ಮಣ್ಣಲ್ಲೇ.
ಎಳೆದು ನೆಟ್ಟಗೆ ಮಾಡಬಾರದು, ಅನ್ನುತ್ತಾನೆ,
ತಾನೇ ಬಿಡಿಸಿಕೊಳ್ಳಬೇಕು.
ಬುದ್ಧಿವಾದವಲ್ಲ, ಬರೀ ಈರುಳ್ಳಿಯ ಮಾತು.

ಎಡ್ನಾ ಚಾರ್ಲ್ಟನ್‌ಗೆ ಇದೆಲ್ಲ ನಗೆ.
ಅವಳದು ಮರಿಗಡ್ಡೆಯ ಪಕ್ಷ:
ಮಾರ್ಚಿನಲ್ಲಿ ಅಂಗಡಿಯಿಂದ ಬಲೆಚೀಲ ತಂದು
ಅರ್ಧ ಗೇಣಿಗೊಂದರಂತೆ ಒತ್ತಿ, ಮೂಗಷ್ಟೇ ಹೊರಗೆ ಬಿಟ್ಟು
ಚಹಾ ಕುಡಿಯಲು ಹೋಗುತ್ತಾಳೆ.
ಹಿಂದಿನ ವರ್ಷ ಯಾರೋ ಒತ್ತೊತ್ತಾಗಿ ಬಿತ್ತಿ, ಬೆಳೆಯಗೊಡದೆ
ಗೋಲಿಯಷ್ಟಾದಾಗ ಕಿತ್ತು ಒಣಗಿಸಿದ್ದು ಅದು.
ಅರ್ಧಕ್ಕೆ ಶಾಲೆ ಬಿಡಿಸಿದ ಮಕ್ಕಳು, ಹೆಪ್ಪಲನ ದೂರು,
ಸಿಟ್ಟು ಒಳಗಿಟ್ಟುಕೊಂಡಿರುತ್ತವೆ;
ಒಂದು ವಾರ ಚಳಿ ಹೆಚ್ಚಾದರೆ ಸಾಕು,
ಹೂವಿನ ದಂಟೆತ್ತಿ ನಿಲ್ಲುತ್ತವೆ.
ನಾನೂ ಹದಿನೈದಕ್ಕೇ ಬಿಟ್ಟವಳು, ಅಂದಳು ಎಡ್ನಾ
ಹಕ್ಕಿ ಕಿತ್ತೆಸೆದ ಮರಿಯೊಂದನ್ನು ಮತ್ತೆ ಮಣ್ಣಿಗೊತ್ತುತ್ತ,
ಹೂ ಬಿಟ್ಟೆನೇ?

ಇಬ್ಬರ ನಡುವೆ ನನ್ನ ಪಟ್ಟಿ.
ಮಾತೆಲ್ಲ ನನ್ನ ಕ್ಯಾರೆಟ್ಟಿನ ಮೇಲೆ ಹಾದುಹೋಗುತ್ತಿತ್ತು.

ಕಳೆದ ಜೂನಿನಲ್ಲಿ ಹೆಪ್ಪಲ್ ದಾಟಿ ಬರುವುದನ್ನು ಬಿಟ್ಟ.
ಗೇಟಿನ ಕಬ್ಬಿಣಕ್ಕೆ ಬೂಟು ಕೆರೆದು ಕೆರೆದು
ಬಕೆಟ್ಟಿನಲ್ಲಿ ತೊಳೆದು
ಡಾಂಬರು ದಾರಿಯಲ್ಲೇ ನಿಂತು ಮಾತಾಡಿದ,
ಸೂತಕ ಹೊತ್ತವನ ಹಾಗೆ.
ನಾವು ಕೇಳಲಿಲ್ಲ. ಹಳದಿ ಎಲೆ ದೂರದಿಂದಲೂ ಕಾಣುತ್ತದೆ.
ಕಿತ್ತರೆ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು,
ಬೂಷ್ಟಿನಲ್ಲಿ ಗಸಗಸೆಯಷ್ಟು ಕರಿ ಕಾಳು.
ಬೀಜವೆಂದೇ ಭ್ರಮೆ.

ಈರುಳ್ಳಿ ಬೀಜ ಎರಡು ವರ್ಷಕ್ಕೆ
ತಾನು ಯಾರೆಂದು ಮರೆತುಬಿಡುತ್ತದೆ.
ಈ ಕಾಳು ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಮಲಗಿ
ಬೇರಿನ ವಾಸನೆಗೆ ಕಾಯುತ್ತದೆ.
ಹೆಪ್ಪಲನಿಗೆ ಎಪ್ಪತ್ತೆಂಟು.
ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಎಲ್ಲಿಂದ ಬಂತೋ. ಎಡ್ನಾಳ ಬಲೆಚೀಲದಿಂದ ಇರಬಹುದು.
ನನ್ನ ಗುದ್ದಲಿಯಿಂದಲೂ ಇರಬಹುದು:
ಯಾರದೋ ಹಳೆ ಪಟ್ಟಿ ಅಗೆದು ಬಂದವನು
ತೊಳೆಯದೆ ಅವನಿಗೆ ಕೊಟ್ಟಿದ್ದೆ, ಒಂದು ಏಪ್ರಿಲ್.
ಇದನ್ನು ಇನ್ನೂ ಹೇಳಿಲ್ಲ.

ಡಿಸೆಂಬರ್ ಇಪ್ಪತ್ತೊಂದು. ವರ್ಷದ ಅತಿ ಕಿರಿಯ ಹಗಲು,
ಮೂರೂವರೆಗೇ ಬಾಗಿಲು ಹಾಕುವ ಹಗಲು.
ಎಡ್ನಾ ತಳ್ಳುಗಾಡಿಯಲ್ಲಿ ಹಳೆಯ ಸ್ನಾನದ ತೊಟ್ಟಿ ಹೇರಿ ತಂದು
ಅವನ ಶೆಡ್ಡಿನ ಮುಂದೆ ಇಳಿಸಿದಳು,
ಅಂಗಡಿಯ ಮಣ್ಣು ಆರು ಚೀಲ ಸುರಿದಳು,
ಕೋಟಿನ ಜೇಬಿಂದ ಶಾಲಟ್ ತೆಗೆದಳು.
ಒಂಬತ್ತು, ತಾಮ್ರದ ಬಣ್ಣದವು.
ನಿನ್ನದೇ, ಅಂದಳು. ಗಣಿ ಮುಷ್ಕರದ ವರ್ಷ ಕೊಟ್ಟಿದ್ದೆ,
ನಿಮ್ಮಮ್ಮನ ತಳಿ.

ಶಾಲಟ್ಟಿಗೆ ಬೀಜದ ಹಂಗಿಲ್ಲ.
ಒಂದು ನೆಟ್ಟರೆ ಏಳೆಂಟಾಗಿ ಒಡೆಯುತ್ತದೆ,
ತಿಂದು ಮಿಕ್ಕ ಒಂದನ್ನು ಮತ್ತೆ ನೆಡುವುದು.
ಮಗಳಲ್ಲ, ಮೊಮ್ಮಗಳಲ್ಲ. ಅದೇ.
ಅವನ ಅಮ್ಮ ಒಂದು ರಾತ್ರಿ
ಬಾಣಲೆಗೆ ಹಾಕದೆ ಎತ್ತಿಟ್ಟದ್ದೇ
ಎಡ್ನಾಳ ಅಂಗೈಯಲ್ಲಿತ್ತು.

ಹೆಪ್ಪಲ್ ತೊಟ್ಟಿಯ ಹತ್ತಿರ ಬಂದ.
ಬೂಟು ನೋಡಿಕೊಂಡ.
ಬಿಚ್ಚಿ ದೂರ ಇಟ್ಟ, ಆ ಚಳಿಯಲ್ಲಿ,
ಹಲಗೆಯೊಂದರ ಮೇಲೆ ಕಾಲುಚೀಲದಲ್ಲೇ ನಿಂತು
ಒಂಬತ್ತನ್ನೂ ನೆಟ್ಟ.
ಅಷ್ಟು ಆಳ ಬೇಡ, ಅಂದಳು.
ಗೊತ್ತು, ಅಂದ.

ಐದು ದಿನದ ಮೇಲೆ ಅವನ ಕಿಟಕಿಯಲ್ಲಿ ದೀಪ.
ಟ್ರೇ ಮೂರು. ನೂರಿಪ್ಪತ್ತು ಬೀಜ.
ಎಲ್ಲಿ ನೆಡುತ್ತೀಯ ಎಂದು ಯಾರು ಕೇಳಬೇಕು?
ನಾನು ಗುದ್ದಲಿಯನ್ನು ಕುದಿನೀರಲ್ಲಿ ಎರಡು ಸಲ ತೊಳೆದು
ಕ್ಯಾರೆಟ್ ಪಟ್ಟಿಯ ಅರ್ಧ
ಅಗೆದು ಖಾಲಿ ಇಟ್ಟಿದ್ದೇನೆ.